ಓಕನಾಗನ್ ಕಣಿವೆಯ ಸೇಬೂ ದ್ರಾಕ್ಷಿಯೂ

2024ರ ಆಗಸ್ಟ್ ಕೊನೆಯಲ್ಲಿ ಮಗಳ ಮನೆಗೆಂದು ಕೆನಡಾದ ಪಶ್ಚಿಮ ಭಾಗದ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೆ ಹೋಗಿದ್ದೆ. ಕೆನಡಾ ಎಂದೊಡನೆ ನನ್ನ ಮನಸ್ಸಿಗೆ ಬರುತ್ತಿದ್ದುದು ಹಿಮ, ದಟ್ಟಕಾಡು, ಕರಡಿ. ವರ್ನನ್ ಎಂಬ ಊರಿನ ಹತ್ತಿರ ಕಾರು ಇಳಿಜಾರಿಗೆ ತಿರುಗಿದಾಗ ಕಂಡದ್ದೇ ಬೇರೆ. ಒಣಹುಲ್ಲಿನ ಬೋಳುಗುಡ್ಡಗಳು ಸಾಲುಗಟ್ಟಿ ನಿಂತಿದ್ದವು. ಚಿತ್ರದುರ್ಗದ ಕಡೆಯವರು ಯಾರಾದರೂ ಜೊತೆಗಿದ್ದಿದ್ದರೆ ಊರು ಬಂತೆಂದು ಗಂಟುಮೂಟೆ ಕಟ್ಟಿಕೊಳ್ಳುತ್ತಿದ್ದರೋ ಏನೋ. ಗುಡ್ಡದ ಅರ್ಧಭಾಗದವರೆಗೆ ಮಾತ್ರ ಹಸಿರು. ಯಾರೋ ದಾರ ಹಿಡಿದು ಗೆರೆ ಎಳೆದಂತೆ, ಆ ಗೆರೆಯಿಂದ ಮೇಲೆ ಕಂದು, ಕೆಳಗೆ ಹಸಿರು.

ಮಾರನೆಯ ಬೆಳಗ್ಗೆ ಮಗಳು ನನ್ನನ್ನು ಗುಡ್ಡದ ಪಕ್ಕದ ಕಾಲುದಾರಿಯಲ್ಲಿ ತಿರುಗಾಡಲು ಕರೆದುಕೊಂಡು ಹೋದಳು. ದಾರಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗುಡ್ಡ ಬಳುಕಿದಲ್ಲಿ ತಾನೂ ಬಳುಕಿ ಒಂದೇ ಮಟ್ಟದಲ್ಲಿ ಹೋಗುತ್ತದೆ. ಇಷ್ಟು ಸಮನಾದ ದಾರಿಯನ್ನು ಗುಡ್ಡದ ಮೇಲೆ ಮಾಡಿದವನು ಯಾರು ಎಂದೆ. "ಅಪ್ಪ, ಇದು ದಾರಿ ಅಲ್ಲ. ಹಳೇ ಕಾಲುವೆ. ಮುಚ್ಚಿಬಿಟ್ಟಿದ್ದಾರೆ" ಎಂದಳು. ನಾನು ಹಿಂದಿನ ದಿನ ಕಂಡ ಗೆರೆ ಇದೇ. ಈಗ ಅದರ ಕೆಳಗೆ ತೋಟಗಳಿಗಿಂತ ಮನೆಗಳೇ ಹೆಚ್ಚಾಗಿವೆ. ಆದರೆ ಆ ಕಣಿವೆಯ ಚರಿತ್ರೆಯನ್ನು ತಿಳಿಯಬೇಕೆಂಬವರು ಆ ಗೆರೆಯಿಂದಲೇ ಮೊದಲುಮಾಡುವುದು ಒಳ್ಳೆಯದೆಂದು ನನಗೆ ತೋರಿತು. ಅಲ್ಲಿದ್ದ ಆರು ವಾರ ನಾನು ಮಾಡಿದ ಕೆಲಸವೂ ಅದೇ.

ಓಕನಾಗನ್ ಕಣಿವೆ ಉತ್ತರದಿಂದ ದಕ್ಷಿಣಕ್ಕೆ ಉದ್ದವಾಗಿ ಮಲಗಿದೆ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಕರಾವಳಿಯ ಬೆಟ್ಟಸಾಲಿನ ಆಚೆಯೇ ಸುರಿದು ಹಗುರವಾಗಿ ಇತ್ತ ಬರುತ್ತವೆ. ನಮ್ಮ ಸಹ್ಯಾದ್ರಿ ಬಯಲುಸೀಮೆಗೆ ಮಾಡುವ ಉಪಕಾರವೇ ಇದು. ದಕ್ಷಿಣದ ತುದಿಯ ಓಸೂಯೂಸ್ ಎಂಬಲ್ಲಿ ವರ್ಷಕ್ಕೆ ಮಳೆ ಹಿಮ ಎರಡೂ ಸೇರಿ ಸುಮಾರು 300 ಮಿಲಿಮೀಟರು. ನಮ್ಮ ಚಳ್ಳಕೆರೆಗೆ ಇದಕ್ಕಿಂತ ಹೆಚ್ಚು ಬೀಳುತ್ತದೆ. ಇಷ್ಟಾಗಿಯೂ ಕಣಿವೆಯ ನಡುವೆ 135 ಕಿಲೋಮೀಟರು ಉದ್ದದ, ಕೆಲವೆಡೆ 200 ಮೀಟರಿಗೂ ಮಿಕ್ಕಿ ಆಳವುಳ್ಳ ಸರೋವರವಿದೆ. ಇಷ್ಟೊಂದು ನೀರು ಬೇಸಗೆಯ ಶಾಖವನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಮೆಲ್ಲಗೆ ಬಿಟ್ಟುಕೊಡುತ್ತದೆ. ಸೇಬಿಗೆ ಬೇಕಾದ ಚಳಿಯೂ ದ್ರಾಕ್ಷಿಗೆ ಬೇಕಾದ ಬಿಸಿಲೂ ಒಂದೇ ಕಡೆ ದೊರೆಯುವುದು ಇದರಿಂದ. ದೊರೆಯದಿದ್ದುದು ಒಂದೇ. ನೀರು ಸರೋವರದ ತಳದಲ್ಲಿ, ತೋಟಕ್ಕೆ ಯೋಗ್ಯವಾದ ನೆಲ ಮೇಲಿನ ಮೆಟ್ಟಿಲುಗಳಲ್ಲಿ. ಎತ್ತುವ ಯಂತ್ರವಿಲ್ಲದ ಕಾಲದಲ್ಲಿ ಬೆಟ್ಟದ ಮೇಲಿನ ಹಳ್ಳಗಳಿಗೆ ಒಡ್ಡು ಕಟ್ಟಿ ಇಳಿಸಿಕೊಂಡು ಬರಬೇಕಾಗಿತ್ತು.

ಈ ನೆಲದ ಮೂಲದವರು ಸೈಲ್ಕ್ಸ್ ಜನ. ಕಣಿವೆಯ ಇಂದಿನ ದೊಡ್ಡ ಊರಾದ ಕೆಲೋನಾದ ಹೆಸರು ಅವರದೇ ಮಾತು. ಕರಡಿ ಎಂದು ಅದರ ಅರ್ಥ. ಬಿಳಿಯರ ಮೊದಲ ನೆಲೆ ಅಲ್ಲಿ ಕಟ್ಟಿದವನು ಷಾರ್ಲ್ ಪಾಂಡೋಸಿ ಎಂಬ ಫ್ರೆಂಚ್ ಪಾದ್ರಿ. ದಕ್ಷಿಣದ ಯಾಕಿಮಾ ಪ್ರದೇಶದಲ್ಲಿ ಅಮೆರಿಕದ ಸೇನೆಗೂ ಮೂಲನಿವಾಸಿಗಳಿಗೂ ಯುದ್ಧ ಹತ್ತಿಕೊಂಡಾಗ ಅಲ್ಲಿನ ಆಶ್ರಮ ಬಿಟ್ಟು ಬಂದ ಈತ 1859ರಲ್ಲಿ ಸರೋವರದ ಪೂರ್ವದಂಡೆಯಲ್ಲಿ ಮತ್ತೊಂದನ್ನು ಕಟ್ಟಿದ. ಊಟಕ್ಕೆ ಸೇಬು, ಪೂಜೆಯ ದ್ರಾಕ್ಷಾರಸಕ್ಕೆ ಬಳ್ಳಿ ಎಂದು ಪಾದ್ರಿಗಳು ಎರಡನ್ನೂ ನೆಟ್ಟರು. ಕಣಿವೆಯ ಎರಡು ಬೆಳೆಗಳೂ ಹೀಗೆ ಒಂದೇ ಅಂಗಳದಲ್ಲಿ ಹುಟ್ಟಿದವು. ಮರದ ದಿಮ್ಮಿಯ ಆ ಕಟ್ಟಡಗಳು ಈಗಲೂ ಇವೆ. ಒಳಗೆ ಹೋಗಲು ತಲೆ ಬಗ್ಗಿಸಬೇಕು.

ನೆಲ ಕೈಬದಲಾದ ಬಗೆಯನ್ನು ಇಲ್ಲಿ ಹೇಳಲೇಬೇಕು. ಪ್ರಾಂತದ ಸರಕಾರ ಈ ಕಣಿವೆಯ ಜನರೊಂದಿಗೆ ಯಾವ ಒಪ್ಪಂದವನ್ನೂ ಮಾಡಿಕೊಳ್ಳಲಿಲ್ಲ. ಹೊರಗಿನಿಂದ ಬಂದವನು ಬೇಲಿ ಹಾಕಿ ಅರ್ಜಿ ಕೊಟ್ಟರೆ ಭೂಮಿ ಅವನದಾಗುತ್ತಿತ್ತು. 1866ರ ಕಾನೂನಿನಿಂದ ಆ ಅರ್ಜಿ ಕೊಡುವ ಹಕ್ಕು ಮೂಲನಿವಾಸಿಗಳಿಗೆ ಇಲ್ಲವಾಯಿತು. 1877ರ ಸುಮಾರಿಗೆ ಆಯೋಗದವರು ಬಂದು ಅವರಿಗೆಂದು ಕೆಲವು ತುಂಡುಗಳನ್ನು ಗುರುತಿಸಿದರು. ಮಿಕ್ಕ ಹುಲ್ಲುಗಾವಲೆಲ್ಲ ದನ ಸಾಕುವ ದೊಡ್ಡ ಹಿಡುವಳಿದಾರರ ಕೈಗೆ ಹೋಯಿತು. ಮುಂದೆ ಕಾಲುವೆ ಬಂದಾಗ ನೀರಿನ ಹಕ್ಕೂ ಭೂಮಿಯ ಹಿಂದೆಯೇ ಹೋಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಣ್ಣಿನ ವ್ಯಾಪಾರದ ಕನಸನ್ನು ಇಲ್ಲಿಗೆ ತಂದವನು ಸ್ಕಾಟ್‌ಲೆಂಡಿನ ಲಾರ್ಡ್ ಅಬರ್ಡೀನ್. 1890ರಲ್ಲಿ ಕೆಲೋನಾದ ಬಳಿ ಒಂದು ಎಸ್ಟೇಟು ಕೊಂಡ. ಮರುವರ್ಷ ವರ್ನನ್ನಿನ ಪಕ್ಕದ ಕೋಲ್ಡ್‌ಸ್ಟ್ರೀಮ್ ಎಂಬ ಮಹಾ ಎಸ್ಟೇಟನ್ನೂ ಕೊಂಡ. ಮುಂದೆ 1893ರಿಂದ 1898ರವರೆಗೆ ಕೆನಡಾದ ಗವರ್ನರ್ ಜನರಲ್ ಆಗಿದ್ದವನೂ ಇವನೇ. ಸೇಬಿನ ಗಿಡ ನೆಡಿಸಿದ, ನೆಲವನ್ನು ಸಣ್ಣ ಹಿಡುವಳಿಗಳಾಗಿ ಕತ್ತರಿಸಿ ಮಾರಿದ, ಮತ್ತು ತುಂಬ ಹಣ ಕಳೆದುಕೊಂಡ. ತಾನು ಕಳೆದುಕೊಂಡರೂ ತನ್ನ ಹೆಸರಿನಿಂದ ಕಣಿವೆಗೆ ಪ್ರಚಾರ ಕೊಟ್ಟ. ಅದೇ ಹೊತ್ತಿಗೆ, 1892ರಲ್ಲಿ, ಮುಖ್ಯ ರೈಲುದಾರಿಯಿಂದ ಒಂದು ಕವಲು ಸರೋವರದ ತಲೆಯವರೆಗೆ ಬಂತು. 1893ರಲ್ಲಿ ಉಗಿಹಡಗು ಓಡತೊಡಗಿತು. ಅದಕ್ಕೂ ಅವನದೇ ಹೆಸರು.

ಆಮೇಲೆ ಬಂದದ್ದು ಭೂಮಿ ಮಾರುವ ಕಂಪನಿಗಳ ಕಾಲ. ಮಾನಿಟೋಬಾದ ಪತ್ರಿಕೆಯೊಂದರ ಒಡೆಯನಾಗಿದ್ದ ಜೆ. ಎಂ. ರಾಬಿನ್‌ಸನ್ ಎಂಬಾತ ಸರೋವರದ ದಂಡೆಯಲ್ಲಿ ಒಂದರ ಹಿಂದೆ ಒಂದು ಮೂರು ಊರು ಕಟ್ಟಿದ: ಪೀಚ್‌ಲೆಂಡ್, ಸಮರ್‌ಲೆಂಡ್, ನರಮಾಟ. ಹೆಸರಿಡುವುದರಲ್ಲೇ ಅವನ ಚಾತುರ್ಯ ಕಾಣುತ್ತದೆ. ಚಳಿಯಲ್ಲಿ ನಡುಗುತ್ತಿದ್ದ ಬಯಲುಪ್ರಾಂತದ ರೈತನಿಗೂ, ಇಂಗ್ಲೆಂಡಿನ ಸ್ಥಿತಿವಂತರ ಕಿರಿಯ ಮಗನಿಗೂ ಈ ಊರುಗಳನ್ನು ಮಾರಿದ್ದು ಜಾಹೀರಾತಿನ ಪುಸ್ತಿಕೆಗಳು. ಹತ್ತು ಎಕರೆ, ಬಿಸಿಲು, ಮರದ ತುಂಬ ಹಣ್ಣು, ಸಂಜೆ ಟೆನಿಸ್. ಗಿಡ ಫಲಕ್ಕೆ ಬರುವ ತನಕ ಆರೇಳು ವರ್ಷ ಏನು ತಿನ್ನಬೇಕೆಂಬ ಮಾತನ್ನು ಪುಸ್ತಿಕೆಗಳು ಒತ್ತಿ ಹೇಳುತ್ತಿರಲಿಲ್ಲ. ಭೂಮಿಯ ಬೆಲೆಯೊಳಗೆ ನೀರಿನ ಭರವಸೆ ಸೇರಿರುತ್ತಿತ್ತು. ಕಂಪನಿಗೆ ಲಾಭ ಬರುತ್ತಿದ್ದುದು ಭೂಮಿಯಿಂದ. ಮಾರಾಟ ಮುಗಿದ ಮೇಲೆ ಕಾಲುವೆಯನ್ನು ಕಾಯುವುದು ಬರೀ ಖರ್ಚು. ಇಷ್ಟು ಹೇಳಿದರೆ ಮುಂದಿನದನ್ನು ಓದುಗರು ತಾವೇ ಊಹಿಸಬಲ್ಲರು.

ಆ ಕಾಲುವೆಗಳಾದರೂ ಎಂಥವು! ಗುಡ್ಡದ ಬದಿಯಲ್ಲಿ ಅಗೆಯಲು ಮಣ್ಣಿದ್ದಲ್ಲಿ ಅಗೆದರು. ಬಂಡೆಯಿದ್ದಲ್ಲಿ, ಕೊರಕಲಿದ್ದಲ್ಲಿ ಮರದ ಕಾಲುಗಳನ್ನು ನಿಲ್ಲಿಸಿ ಅವುಗಳ ಮೇಲೆ ಹಲಗೆಯ ದೋಣಿ ಹಾಯಿಸಿದರು. ಮಲೆನಾಡಿನ ತೋಟದಲ್ಲಿ ಅಡಕೆ ದಬ್ಬೆಯಲ್ಲಿ ನೀರು ಕೊಂಡೊಯ್ಯುವುದನ್ನು ಕಂಡವರಿಗೆ ಇದರ ರೂಪ ತಿಳಿಯುತ್ತದೆ. ಇದು ಮೈಲಿಗಟ್ಟಲೆ ಉದ್ದ, ಅಷ್ಟೆ. ಹಲಗೆ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತಿತ್ತು, ಚಳಿಗೆ ಸೊಟ್ಟಗಾಗುತ್ತಿತ್ತು. ತಲೆಯಲ್ಲಿ ಬಿಟ್ಟ ನೀರಿನ ಒಂದು ಪಾಲು ಬಾಲ ಸೇರುವ ಮೊದಲೇ ಸೋರಿಹೋಗುತ್ತಿತ್ತು. ನಾನು ನಡೆದ ವರ್ನನ್ನಿನ ಗ್ರೇ ಕಾಲುವೆ 1906ರಿಂದ 1914ರವರೆಗೆ ಕಟ್ಟಿದ್ದು; ಆಗಿನ ಗವರ್ನರ್ ಜನರಲ್ ಅರ್ಲ್ ಗ್ರೇಯ ಹೆಸರನ್ನು ಅದಕ್ಕಿಟ್ಟರು. ಕಂಪನಿಗಳು ಒಂದೊಂದಾಗಿ ಕೈಚೆಲ್ಲಿದ ಮೇಲೆ ಬೆಳೆಗಾರರೇ ಸೇರಿ ನೀರಾವರಿ ಮಂಡಲಿಗಳನ್ನು ಮಾಡಿಕೊಂಡು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಕಾಲುವೆಗಳನ್ನು ಉಳಿಸಿಕೊಂಡರು. ನನಗೆ ಈ ಚರಿತ್ರೆಯಲ್ಲಿ ಗೌರವ ಹುಟ್ಟುವುದು ಲಾರ್ಡುಗಳ ಮೇಲಲ್ಲ, ಈ ಮಂಡಲಿಗಳ ಮೇಲೆ. ನಮ್ಮ ಕೆರೆಗಳ ನೀರುಗಂಟಿಯನ್ನು ಕಂಡವನಿಗೆ ಇದರ ಬೆಲೆ ಗೊತ್ತು.

ಕೈಗೂಡದ ಕನಸಿನ ಉದಾಹರಣೆ ಬೇಕೆಂದರೆ, ಇನ್ನೂ ವಾಯವ್ಯಕ್ಕೆ ಥಾಂಪ್ಸನ್ ನದಿಯ ಕಣಿವೆಯಲ್ಲಿ ವಾಲ್ಹಾಚಿನ್ ಎಂಬ ಸ್ಥಳವಿದೆ. 1909ರ ಸುಮಾರಿಗೆ ಇಂಗ್ಲಿಷ್ ಕುಲೀನರು ಅಲ್ಲಿ ಸೇಬಿನ ವಸಾಹತು ಹೂಡಿದರು. 1914ರ ಯುದ್ಧ ಬಂತು, ಗಂಡಸರು ಸೇನೆಗೆ ಹೋದರು, ಕಾಲುವೆ ಕುಸಿಯಿತು. ಕೆಲವೇ ವರ್ಷಗಳಲ್ಲಿ ಎಲ್ಲ ಮುಗಿಯಿತು. ಓಕನಾಗನ್ನಿನಲ್ಲಿ ಯುದ್ಧದ ಪರಿಣಾಮ ತದ್ವಿರುದ್ಧವಾಯಿತು. ಹಿಂದಿರುಗಿದ ಸೈನಿಕರಿಗೆ ಭೂಮಿ ಕೊಡಬೇಕೆಂದು ಪ್ರಾಂತದ ಮುಖ್ಯಮಂತ್ರಿ ಜಾನ್ ಆಲಿವರ್ ಸರಕಾರದ ಖರ್ಚಿನಲ್ಲೇ ಕಣಿವೆಯ ದಕ್ಷಿಣ ಭಾಗಕ್ಕೆ ಕಾಲುವೆ ತೋಡಿಸಿದ. ಈ ಸಲ ದೋಣಿಯ ಬದಲು ಕಾಂಕ್ರೀಟು. 1921ರಲ್ಲಿ ಹುಟ್ಟಿದ ಊರಿಗೆ ಅವನ ಹೆಸರೇ ನಿಂತಿತು. ಕಾಲುವೆಯನ್ನು ಮಾತ್ರ ಜನ ಇಂದಿಗೂ 'ಹಳ್ಳ' ಎಂಬಷ್ಟು ಸಲಿಗೆಯಿಂದ ಕರೆಯುತ್ತಾರೆ. ಸೇಬಿನ ಸಸಿ ಬೆಳೆಯುವ ತನಕ ಸೈನಿಕರು ಸಾಲುಗಳ ನಡುವೆ ಕರಬೂಜ ಹಾಕಿ ಹೊಟ್ಟೆ ಹೊರೆದರು. ಒಂದು ಕಾಲಕ್ಕೆ ಆಲಿವರ್ ಊರು ಸೇಬಿಗಿಂತ ಕರಬೂಜಕ್ಕೇ ಹೆಸರಾಗಿತ್ತು.

ಗಿಡಗಳೇನೋ ಫಲಕ್ಕೆ ಬಂದವು. ಎಲ್ಲರ ಗಿಡವೂ ಒಟ್ಟಿಗೆ ಫಲಕ್ಕೆ ಬಂದದ್ದೇ ತೊಂದರೆಯಾಯಿತು. ಬೆಲೆ ಬಿದ್ದಾಗ ಎಲ್ಲರೂ ಸೇರಿ ಒಂದೇ ಕಡೆಯಿಂದ ಮಾರೋಣವೆಂದು ಒಪ್ಪಿ, ಒಪ್ಪದವನನ್ನೂ ಒಳಗೆ ಎಳೆಯಲು ಕಾನೂನು ಮಾಡಿಸಿಕೊಂಡರು. 1931ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಆ ಕಾನೂನು ಪ್ರಾಂತದ ಅಧಿಕಾರಕ್ಕೆ ಮೀರಿದ್ದೆಂದು ಹೊಡೆದುಹಾಕಿತು. ಅದು ಜಗತ್ತಿನಲ್ಲೆಲ್ಲ ಬೇಡಿಕೆ ಬತ್ತಿದ ಕಾಲ. 1933ರಲ್ಲಿ, ಪೌಂಡಿಗೆ ಒಂದು ಸೆಂಟಾದರೂ ಕೊಡಿ, ಇಲ್ಲವಾದರೆ ಹಣ್ಣು ಮರದ ಬುಡದಲ್ಲೇ ಕೊಳೆಯಲಿ ಎಂದು ಕೆಲೋನಾದ ಬೆಳೆಗಾರರು ಕೈಕಟ್ಟಿ ನಿಂತರು. ಅರ್ಧ ಕಿಲೋ ಸೇಬಿಗೆ ಅವರು ಕೇಳಿದ್ದು ಒಂದು ಸೆಂಟು! ಈ ಹಟದಿಂದಲೇ 1936ರಲ್ಲಿ ಬಿ. ಸಿ. ಟ್ರೀ ಫ್ರೂಟ್ಸ್ ಎಂಬ ಒಕ್ಕೂಟದ ಮಾರಾಟ ಸಂಸ್ಥೆ ಹುಟ್ಟಿತು.

ಕೊಳೆಯುವ ಸೇಬನ್ನು ಏನಾದರೂ ಮಾಡಬೇಕಲ್ಲ. ಕೆಲೋನಾದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯವನೊಬ್ಬ, ದಿನಸಿ ಅಂಗಡಿಯವನೊಬ್ಬ, ಮದ್ಯ ಕಟ್ಟಲು ಬಲ್ಲ ಗೆಟ್ಸಿ ಎಂಬ ಇಟಲಿಯವನೊಬ್ಬ ಸೇರಿ 1932ರಲ್ಲಿ ಸೇಬಿನಿಂದ ವೈನು ತೆಗೆಯುವ ಕಂಪನಿ ಹೂಡಿದರು. ದಿನಸಿಯವನೂ ಇಟಲಿಯ ಕಪೋಟ್ಸಿ. ಅವನಿಗೆ ವೈನು ಮನೆಯ ಊಟದ ಭಾಗ. ಕಬ್ಬಿಣದ ಅಂಗಡಿಯ ಬೆನೆಟ್ ಮಾತ್ರ ಜೀವನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟದ ಕಟ್ಟಾ ವ್ರತಸ್ಥ. ತಾನು ಕುಡಿಯದಿದ್ದರೇನು, ಬೆಳೆಗಾರನ ಸೇಬು ಹಾಳಾಗುವುದನ್ನು ನೋಡಲಾರೆ ಎಂಬ ಸಮಾಧಾನ ಇದ್ದಿರಬೇಕು. ಲಾಭದ ಯೋಚನೆ ಇರಲಿಲ್ಲವೆಂದು ನಾನು ಹೇಳಲಾರೆ. ಈ ಬೆನೆಟ್ಟನೇ ಮುಂದೆ ರಾಜಕೀಯಕ್ಕೆ ಹೋಗಿ 1952ರಿಂದ ಇಪ್ಪತ್ತು ವರ್ಷ ಪ್ರಾಂತದ ಮುಖ್ಯಮಂತ್ರಿಯಾದ. ಸೇಬಿನ ವೈನನ್ನು ಜನ ಮೆಚ್ಚಲಿಲ್ಲ. ಕಂಪನಿ ಬೇಗನೆ ದ್ರಾಕ್ಷಿಗೆ ತಿರುಗಿತು, ಕಲೋನಾ ವೈನ್ಸ್ ಎಂಬ ಹೆಸರು ಪಡೆಯಿತು. ಪಾದ್ರಿಯ ಅಂಗಳದಲ್ಲಿ ಜೊತೆಗಿದ್ದು ಎಪ್ಪತ್ತು ವರ್ಷ ಬೇರೆಯಾಗಿದ್ದ ಸೇಬೂ ದ್ರಾಕ್ಷಿಯೂ ಹೀಗೆ ಮತ್ತೆ ಒಂದೇ ಪೀಪಾಯಿಯ ಮುಂದೆ ಬಂದು ನಿಂತವು.

ಆ ದ್ರಾಕ್ಷಿ ಯಾವುದೆಂದು ತಿಳಿದಾಗ ನಾನು ಒಬ್ಬನೇ ನಕ್ಕೆ. 1926ರಲ್ಲಿ ಜೆ. ಡಬ್ಲ್ಯು. ಹ್ಯೂಸ್ ಎಂಬಾತ ಕೆಲೋನಾದ ಬಳಿ ಕಣಿವೆಯ ಮೊದಲ ವ್ಯಾಪಾರೀ ದ್ರಾಕ್ಷಿತೋಟ ಹಾಕಿದ. ಅವು ಅಮೆರಿಕದ ಕಾಡುಜಾತಿಯ ಲಬ್ರುಸ್ಕಾ ಬಳಗದವು: ದಪ್ಪ ಸಿಪ್ಪೆ, ಹಿಸುಕಿದರೆ ಜಾರಿಬರುವ ತಿರುಳು, ಮನೆಯೆಲ್ಲ ತುಂಬುವ ವಾಸನೆ. ಐರೋಪ್ಯರು ಅದನ್ನು ನರಿಯ ವಾಸನೆ ಎಂದು ಹಳಿಯುತ್ತಾರೆ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಹರಿಯುವುದೂ ಇದೇ ಲಬ್ರುಸ್ಕಾದ ರಕ್ತ. ದೇವನಹಳ್ಳಿಯ ಪಕ್ಕ ನಮ್ಮ ತಂದೆಗೆ ಒಂದು ಎಕರೆ ನೀಲಿದ್ರಾಕ್ಷಿಯ ಚಪ್ಪರವಿತ್ತು. ಅದರ ನೆರಳಿನಲ್ಲಿ ಆಡಿ ಬೆಳೆದ ನನಗೆ ಆ ವಾಸನೆಯೇ ದ್ರಾಕ್ಷಿಯ ವಾಸನೆ; ನರಿಯ ಸುದ್ದಿ ನನಗೆ ಬೇಡ.

ಆದರೆ ವೈನಿನ ಲೋಕ ನನ್ನಂತೆ ಯೋಚಿಸುವುದಿಲ್ಲ. ಐರೋಪ್ಯ ತಳಿ ಅಲ್ಲಿನ ಚಳಿಗೆ ಸಾಯುತ್ತದೆಂಬ ನಂಬಿಕೆಯಿಂದ ದಶಕಗಳ ಕಾಲ ಇವೇ ಬಳ್ಳಿಗಳೂ, ಮುಂದೆ ಮಿಶ್ರತಳಿಗಳೂ ಉಳಿದವು. ಮದ್ಯದಂಗಡಿಗಳೆಲ್ಲ ಸರಕಾರದವು, ಸ್ಥಳೀಯ ವೈನಿಗೆ ಅವುಗಳಲ್ಲಿ ವಿಶೇಷ ರಕ್ಷಣೆ. ರಕ್ಷಣೆಯಿದ್ದಲ್ಲಿ ಗುಣದ ಯೋಚನೆ ಯಾರಿಗೆ? 1970ರ ದಶಕದ ಕೊನೆಯಲ್ಲಿ ಜರ್ಮನಿಯ ಗೈಸನ್‌ಹೈಮ್ ಸಂಸ್ಥೆಯ ಹೆಲ್ಮುಟ್ ಬೆಕ್ಕರ್ ಐರೋಪ್ಯ ಬಳ್ಳಿಗಳನ್ನು ಕಳಿಸಿ ಹಲವು ವರ್ಷ ಪರೀಕ್ಷೆ ನಡೆಸಿದರು. ಬಳ್ಳಿಗಳು ಬದುಕಿದವು. ಬದುಕುತ್ತವೆಂದು ಗೊತ್ತಾದರೂ ಇದ್ದುದನ್ನು ಕಿತ್ತು ಅವನ್ನು ನೆಡುವ ಧೈರ್ಯ ಬಹುಮಂದಿಗೆ ಬರಲಿಲ್ಲ.

ಧೈರ್ಯವನ್ನು ರಾಜಕೀಯ ತಂದುಕೊಟ್ಟಿತು. ಕೆನಡಾ ಮತ್ತು ಅಮೆರಿಕ 1988ರಲ್ಲಿ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ರುಜು ಹಾಕಿದವು. 1989ರ ಜನವರಿ 1ರಿಂದ ಅದು ಜಾರಿಗೆ ಬಂತು. ಕ್ಯಾಲಿಫೋರ್ನಿಯಾದ ಅಗ್ಗದ ವೈನಿನ ಮುಂದೆ ನರಿವಾಸನೆಯ ವೈನು ನಿಲ್ಲುವಂತಿರಲಿಲ್ಲ. ಬಳ್ಳಿ ಕಿತ್ತವರಿಗೆ ಎಕರೆಗಿಷ್ಟೆಂದು ಪರಿಹಾರ ಕೊಡುತ್ತೇವೆಂದು ಸರಕಾರ ಸಾರಿತು. ಒಂದೇ ವರ್ಷದಲ್ಲಿ ಕಣಿವೆಯ ದ್ರಾಕ್ಷಿತೋಟಗಳ ಸುಮಾರು ಮೂರರಲ್ಲಿ ಎರಡು ಪಾಲು ಬುಡಸಹಿತ ಎದ್ದುಹೋಯಿತು. ಬಳ್ಳಿಗಳನ್ನು ರಾಶಿಹಾಕಿ ಸುಟ್ಟರು. ಕಥೆ ಮುಗಿಯಿತೆಂದೇ ಎಲ್ಲರೂ ಬಗೆದಿದ್ದರು. ಉಳಿದ ಕೆಲವರು ಐರೋಪ್ಯ ತಳಿಗಳನ್ನು ನೆಟ್ಟರು. 1990ರಲ್ಲಿ ಗುಣಮಟ್ಟದ ಮುದ್ರೆಯ ಕ್ರಮ ಬಂತು. 1994ರಲ್ಲಿ ಲಂಡನ್ನಿನ ಸ್ಪರ್ಧೆಯಲ್ಲಿ ಮಿಷನ್ ಹಿಲ್ ಎಂಬ ಸ್ಥಳೀಯ ತಯಾರಕರ ಷಾರ್ಡನೇ ವೈನಿಗೆ ಆ ತಳಿಯ ಮೊದಲ ಬಹುಮಾನ ಸಿಕ್ಕಿತು. ಬೆರಳೆಣಿಕೆಯಷ್ಟಿದ್ದ ವೈನ್ ಮನೆಗಳು ಈಗ ನೂರೈವತ್ತಕ್ಕೂ ಮಿಕ್ಕಿವೆ. ಇದನ್ನು ಅಲ್ಲಿಯವರು ವಿಜಯದ ಕಥೆಯೆಂದು ಹೇಳುತ್ತಾರೆ. ಅದು ಸರಿಯೇ. ಆದರೆ ಕಿತ್ತ ಬಳ್ಳಿಯ ಒಡೆಯರೆಲ್ಲ ಮತ್ತೆ ನೆಟ್ಟವರಲ್ಲ. ನಮ್ಮ ತಂದೆ ತಮ್ಮ ಚಪ್ಪರವನ್ನು ಕಿತ್ತ ದಿನ ಮನೆಯಲ್ಲಿ ಯಾರೂ ಮಾತಾಡದೆ ಊಟ ಮಾಡಿದ್ದು ನನಗೆ ನೆನಪಿದೆ. ಭೂಮಿಗೆ ಒಳ್ಳೆಯ ಬೆಲೆಯೇ ಬಂದಿತ್ತು.

ಈ ನಡುವೆ ಸೇಬು ತನ್ನ ಕಷ್ಟದಲ್ಲಿ ತಾನಿತ್ತು. 1949-50ರ ಚಳಿ ಅಸಂಖ್ಯ ಮರಗಳನ್ನು ಕೊಂದಿತು. ಸಮರ್‌ಲೆಂಡಿನ ಸಂಶೋಧನಾ ಕೇಂದ್ರ 1936ರಲ್ಲಿ ಸ್ಪಾರ್ಟನ್ ಎಂಬ ತಳಿ ಕೊಟ್ಟಿತ್ತು. ಅದರ ತಂದೆತಾಯಿಗಳೆಂದು ದಾಖಲೆಯಲ್ಲಿ ಬರೆದದ್ದರಲ್ಲಿ ಒಂದು ತಪ್ಪೆಂದು ಇತ್ತೀಚಿನ ವಂಶವಾಹಿ ಪರೀಕ್ಷೆ ತೋರಿಸಿದೆ. ಮನುಷ್ಯರ ವಂಶಾವಳಿಗಳನ್ನು ಹೀಗೆ ಪರೀಕ್ಷಿಸಿದರೆ ಏನಾದೀತೋ. ಪಕ್ಕದ ಸಿಮಿಲ್ಕಮೀನ್ ಕಣಿವೆಯ ಕಾಸ್ಟನ್ನಿನಲ್ಲಿ ತಾನಾಗಿ ಹುಟ್ಟಿದ ಒಂದು ಗಿಡದ ಹಣ್ಣನ್ನು ಕೊಯ್ಲಿನ ಆಳುಗಳು ಮಾರಾಟಕ್ಕೆ ಬಿಡದೆ ತಾವೇ ತಿಂದು ಮುಗಿಸುತ್ತಿದ್ದರಂತೆ. ಅದೇ ಆಂಬ್ರೋಸಿಯಾ, ಇಂದು ಕಣಿವೆಯ ಹೆಸರಾದ ತಳಿ. ಇಷ್ಟಾದರೂ ಗಡಿಯಾಚೆ ವಾಷಿಂಗ್ಟನ್ ರಾಜ್ಯದವರು ಮಹಾ ಅಣೆಕಟ್ಟುಗಳ ನೀರಿನಲ್ಲಿ ಬೆಳೆಯುವ ಸೇಬಿನ ರಾಶಿಯ ಮುಂದೆ ಈ ಸಣ್ಣ ಹಿಡುವಳಿಗಳು ಏದುಸಿರು ಬಿಡುತ್ತಲೇ ಬಂದಿವೆ. ನಮ್ಮ ಬೆಂಗಳೂರಿನ ಹಣ್ಣಿನಂಗಡಿಯಲ್ಲಿ ಚೀಟಿ ಅಂಟಿಸಿಕೊಂಡು ಕೂತಿರುವುದೂ ಆ ವಾಷಿಂಗ್ಟನ್ ಸೇಬೇ. ಇತ್ತ ಮುಪ್ಪಾದ ಬಿಳಿಯ ಬೆಳೆಗಾರರು ಬಿಟ್ಟುಹೋದ ತೋಟಗಳನ್ನು ಕೊಂಡು ಸೇಬನ್ನು ಹಿಡಿದುಕೊಂಡವರಲ್ಲಿ ಪಂಜಾಬಿನವರು ಬಹುಮಂದಿ. 1947ರವರೆಗೆ ಈ ಪ್ರಾಂತದಲ್ಲಿ ಭಾರತೀಯರಿಗೆ ಮತದ ಹಕ್ಕೂ ಇರಲಿಲ್ಲ.

ಇನ್ನೊಂದು ಕೈಬದಲಾವಣೆಯನ್ನೂ ಹೇಳಬೇಕು. ಓಸೂಯೂಸ್ ಮೂಲನಿವಾಸಿ ಸಮುದಾಯಕ್ಕೆ 1877ರಲ್ಲಿ ಬಿಟ್ಟ ಒಣನೆಲವೇ ದ್ರಾಕ್ಷಿಗೆ ಕಣಿವೆಯಲ್ಲೆಲ್ಲ ಶ್ರೇಷ್ಠವಾದ ನೆಲಗಳಲ್ಲಿ ಒಂದಾಯಿತು. 1968ರಲ್ಲಿ ಅವರು ಇಂಕಮೀಪ್ ತೋಟ ನೆಟ್ಟರು. 2002ರಲ್ಲಿ ಅಲ್ಲೇ ವೈನ್ ಮನೆ ತೆರೆದರು. ಉತ್ತರ ಅಮೆರಿಕದಲ್ಲಿ ಮೂಲನಿವಾಸಿಗಳ ಒಡೆತನದ ಮೊದಲನೆಯದು ಅದು.

ನಾನು ಹೋದ ವರ್ಷ ಒಳ್ಳೆಯ ವರ್ಷವಾಗಿರಲಿಲ್ಲ. 2024ರ ಜನವರಿಯಲ್ಲಿ ಕೆಲವೇ ದಿನ ಬಿದ್ದ ಶೂನ್ಯಕ್ಕೆ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿ ದ್ರಾಕ್ಷಿಯ ಮೊಗ್ಗುಗಳನ್ನು ಒಳಗೇ ಕೊಂದುಹಾಕಿತ್ತು. ಆ ಸಲದ ಫಸಲು ಹೆಚ್ಚುಕಡಿಮೆ ಪೂರ್ತಿಯಾಗಿ ಹೋಯಿತು. ಹೊರಗಿನಿಂದ ದ್ರಾಕ್ಷಿ ತಂದು ವೈನು ಮಾಡಿಕೊಳ್ಳಲು ಸರಕಾರವೇ ಅನುಮತಿ ಕೊಟ್ಟಿತು. ಜುಲೈಯಲ್ಲಿ, ಸೇಬಿನ ಕೊಯ್ಲಿಗೆ ಇನ್ನೇನು ಏಣಿ ಹಾಕಬೇಕೆನ್ನುವಾಗ, 1936ರಿಂದ ನಡೆದುಬಂದ ಬೆಳೆಗಾರರ ಮಾರಾಟ ಸಹಕಾರ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಸೇಬಿಗೂ ದ್ರಾಕ್ಷಿಗೂ ಒಂದೇ ವರ್ಷ ಹೊಡೆತ.

ಸೆಪ್ಟೆಂಬರಿನ ಒಂದು ಭಾನುವಾರ ಆಲಿವರ್ ಊರಿಗೆ ಹೋದೆವು. ರಸ್ತೆಯ ಬದಿಯಲ್ಲಿ ಮೈಲಿಗಟ್ಟಲೆ ದ್ರಾಕ್ಷಿಯ ಸಾಲು. ಎಲೆ ಹಸಿರಾಗಿತ್ತು, ಬಗ್ಗಿ ನೋಡಿದರೆ ಗೊಂಚಲಿಲ್ಲ. ಮುಂದೆ ಹಣ್ಣಿನ ಅಂಗಡಿಯಲ್ಲಿ ಎಪ್ಪತ್ತು ದಾಟಿದ ಸರದಾರರೊಬ್ಬರು ಕೂತಿದ್ದರು. ನನ್ನ ಹರುಕು ಹಿಂದಿಗೆ ಅವರು ಕುರ್ಚಿ ಹಾಕಿ ಚಹ ತರಿಸಿದರು. ಜಾಲಂಧರದ ಕಡೆಯವರು, ಕೊಯ್ಲಿನ ಕೂಲಿಗೆ ಬಂದು ಹನ್ನೆರಡು ಎಕರೆ ಮಾಡಿದವರು. ಅಂಗಡಿಯ ಹಿಂದೆ ಹಳೆಯ ಸೇಬಿನ ಮರಗಳನ್ನು ಕಿತ್ತು ಹೊಸ ಸಸಿ ಹಾಕಿದ್ದರು. ಸಾಲುಗಳ ನಡುವೆ ಮೆಣಸಿನ ಗಿಡ. ಈ ವಯಸ್ಸಿನಲ್ಲಿ ಮತ್ತೆ ಸೇಬೇ ಏಕೆ ನೆಟ್ಟಿರಿ ಸರದಾರಜಿ ಎಂದೆ. "ಬೇರೆ ಏನು ನೆಡಲಿ ಭಾಯಿಸಾಹೇಬ್? ದ್ರಾಕ್ಷಿ ನೋಡಿದಿರಲ್ಲ" ಎಂದು ರಸ್ತೆಯ ಆಚೆಗೆ ಕೈತೋರಿಸಿದರು. ಹಣ್ಣಿಗೆ ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮಗಳ ಕೈಗೆ ಚೀಲ ಕೊಟ್ಟು, ಇನ್ನು ಸ್ವಲ್ಪ ದಿನಕ್ಕೆ ಕಾಲುವೆ ನಿಲ್ಲಿಸಿಬಿಡುತ್ತಾರೆ, ಅಷ್ಟರೊಳಗೆ ಎಳೆಗಿಡಗಳಿಗೆ ಬುಡ ತುಂಬ ನೀರು ಕುಡಿಸಬೇಕು ಎನ್ನುತ್ತ ಗುದ್ದಲಿ ತೆಗೆದುಕೊಂಡು ಹೊರಟರು.